ಪದಚರ್ಚೆ: ‘ಸಾಮಾಜಿಕ ಮೌಲ್ಯ’ ಎಂದರೆ ಪರೀಕ್ಷೆಯಲ್ಲಿ ಬರೆಯಬೇಕಾದ್ದೇನು?

ಪ್ರಶ್ನೆ (ಹಾಸನದಿಂದ):
‘ಎರಡೂ ಕೃತಿಗಳ ಸಾಮಾಜಿಕ ಮೌಲ್ಯಗಳನ್ನು ತುಲನೆ ಮಾಡಿ’ ಎಂದರೆ ನಮ್ಮ ಬಿ.ಎ. ಮಕ್ಕಳು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ಕ್ಕೂ ಕುವೆಂಪು ಅವರ ‘ಜಲಗಾರ’ ನಾಟಕಕ್ಕೂ ನೀತಿಪಾಠ ಬರೆದಿಡುತ್ತಾರೆ. ನೀತಿ, ಆಶಯ, ಮೌಲ್ಯ ಇವುಗಳ ನಡುವೆ ಗೆರೆ ಎಳೆಯುವುದು ಹೇಗೆ?

ಉತ್ತರ (ಚಿಕ್ಕಮಗಳೂರಿನಿಂದ):
ಮೇಡಂ, ನೀತಿ ಓದುಗನಿಗೆ ಹೇಳಿದ ಬುದ್ಧಿಮಾತು, ಆಶಯ ಕವಿಯದು. ಕೃತಿಯೊಳಗಿನ ಜನ ಯಾವುದನ್ನು ದೊಡ್ಡದೆಂದು ನಂಬಿ ಬಾಳುತ್ತಾರೋ ಅದು ಮೌಲ್ಯ. ಕವಿಗೆ ಅದು ಒಪ್ಪಿಗೆಯಾಗಿರಬೇಕೆಂದೇನೂ ಇಲ್ಲ. ಮೂಲ್ಯ ಎಂದರೆ ಬೆಲೆ ತಾನೆ? ಪಾತ್ರ ಏನನ್ನು ತೆತ್ತು ಏನನ್ನು ಉಳಿಸಿಕೊಂಡಿತು ಎಂದು ಮಕ್ಕಳು ಕೇಳಿಕೊಳ್ಳಲಿ.

‘ಹರಿಶ್ಚಂದ್ರ ಕಾವ್ಯ’ದಲ್ಲಿ ಗಾಣರಾಣಿಯರ, ಅಂದರೆ ವಿಶ್ವಾಮಿತ್ರ ಕಳಿಸಿದ ಹಾಡುವ ಅಸ್ಪೃಶ್ಯ ಹೆಣ್ಣುಮಕ್ಕಳ ಪ್ರಸಂಗ ನೋಡಿ. ನಮ್ಮನ್ನು ಮದುವೆಯಾಗು ಎಂದು ಅವರು ಕೇಳಿದರೆ ಅರಸ ಹರಿಶ್ಚಂದ್ರ ಕುಲದ ಮಾತೆತ್ತುತ್ತಾನೆ. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ಕಂಡ ಕಣ್ಣಿಗೆ ತಟ್ಟದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ಎಂದು ಅವರ ವಾದ. ಅದಕ್ಕೆ ಸಿಕ್ಕಿದ್ದು ಉತ್ತರವಲ್ಲ, ಹೊಡೆತ. ಅವರನ್ನು ಮದುವೆಯಾಗಲೇಬೇಕೆಂದು ವಿಶ್ವಾಮಿತ್ರ ಪಟ್ಟು ಹಿಡಿದಾಗ ಹರಿಶ್ಚಂದ್ರ ರಾಜ್ಯವನ್ನೇ ಕೊಡುತ್ತಾನೆ, ಮದುವೆಗೆ ಮಾತ್ರ ಒಲ್ಲೆ ಎನ್ನುತ್ತಾನೆ. ಅಂದರೆ ಕುಲದ ತೂಕ ರಾಜ್ಯಕ್ಕಿಂತ ಹೆಚ್ಚು. ಅದೇ ಅರಸ ಕಾಶಿಯಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲು ಅಸ್ಪೃಶ್ಯನೆನಿಸಿದ, ಸುಡುಗಾಡಿನ ಒಡೆಯ ವೀರಬಾಹುವಿಗೆ ಆಳಾದಾಗ ಸತ್ಯ ಕುಲವನ್ನೂ ಮೀರುತ್ತದೆ. ಮೂರು ಮೌಲ್ಯ, ಮೂರು ಮೆಟ್ಟಿಲು. ಇಷ್ಟು ಬರೆದರೆ ಅರ್ಧ ಉತ್ತರವಾಯಿತು.

‘ಜಲಗಾರ’ದಲ್ಲಿ (1928) ಗುಡಿಯ ಬಾಗಿಲು ತನಗೆ ಮುಚ್ಚಿದ್ದರೂ ಜಲಗಾರ, ಅಂದರೆ ಜಾಡಮಾಲಿ, ಬೀದಿ ಗುಡಿಸುವುದನ್ನು ಬಿಡುವುದಿಲ್ಲ, ಶಿವನೇ ಜಲಗಾರನಾಗಿ ಅವನೆದುರು ನಿಲ್ಲುತ್ತಾನೆ.

‘ಎರಡೂ ಕೃತಿಗಳು ಜಾತಿಯನ್ನು ವಿರೋಧಿಸುತ್ತವೆ’ ಎಂಬ ಸಾಲಿನಲ್ಲೇ ಅಂಕ ಹೋಗುವುದು. ರಾಘವಾಂಕನಲ್ಲಿ ಪ್ರತಿಭಟನೆ ಆ ಹೆಣ್ಣುಮಕ್ಕಳ ಬಾಯಲ್ಲಷ್ಟೇ ಉಳಿದು ಕಥೆ ಅರಸನ ಹಿಂದೆ ಹೋಗುತ್ತದೆ. ಕುವೆಂಪು ಅವರಲ್ಲಿ ದೇವರೇ ಪಕ್ಷ ಬದಲಿಸಿದ್ದಾನೆ. ಪಾತ್ರದ ಮಾತನ್ನು ಕವಿಯ ತಲೆಗೆ ಕಟ್ಟಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹತ್ತು ಅಂಕದ ಉತ್ತರಕ್ಕೆ ಕಥಾಸಾರ ನಾಲ್ಕು ಸಾಲು ಸಾಕು. ಒಂದು ಪ್ಯಾರಾಕ್ಕೆ ಒಂದು ಮೌಲ್ಯ, ಅದರೊಳಗೇ ಎರಡೂ ಕೃತಿಯ ಒಂದೊಂದು ಪ್ರಸಂಗ, ಯಾರು ಯಾರಿಗೆ ಹೇಳಿದ್ದು ಎಂಬ ವಿವರ. ಮೊದಲು ಒಂದು ಕೃತಿ ಮುಗಿಸಿ ಆಮೇಲೆ ಇನ್ನೊಂದು ಎಂದು ಹೊರಟರೆ ತುಲನೆಗೆ ಹೊತ್ತು ಉಳಿಯುವುದಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಯಿಂದ ಹಳೆಯ ಅರಸನಿಗೆ ತೀರ್ಪು ಕೊಡುವುದು ಬೇಡ. ಇಂದಿನ ಓದು ಎಂದು ಹೆಸರಿಸಿ ಕೊನೆಗೊಂದು ವಾಕ್ಯ ಬರೆಯಲಿ. ಕುವೆಂಪು ನಮ್ಮ ಕೊಪ್ಪದ ಹಿರೇಕೊಡಿಗೆಯಲ್ಲಿ ಹುಟ್ಟಿದವರು ಎಂದು ಅರ್ಧ ಪುಟ ತುಂಬಿಸಿದರೆ ಚಿಕ್ಕಮಗಳೂರಿನಲ್ಲೂ ಅಂಕ ಸಿಗುವುದಿಲ್ಲ!

ಮರುಪ್ರಶ್ನೆ (ಹಾಸನದಿಂದ):
ಸರ್, ‘ಹೋಲಿಸಿ’ ಎಂದಷ್ಟೇ ಕೇಳಿದ್ದರೆ?

ಉತ್ತರ:
ಆಗಲೂ ವ್ಯತ್ಯಾಸ ಬರೆಯಲಿ. ಸಾಮ್ಯ ಮಾತ್ರ ಬೇಕಿದ್ದರೆ ‘ಸಾಮ್ಯಗಳನ್ನು ಗುರುತಿಸಿ’ ಎಂದೇ ಕೇಳುತ್ತಾರೆ.