ಸಹಾಯ ಬೇಕು: ಹಳೇ ಟರ್ಬೋ ಪ್ಯಾಸ್ಕಲ್ ಪ್ರೋಗ್ರಾಂ, ರನ್‌ಟೈಮ್ ಎರರ್ 200
ಟರ್ಬೋ ಪ್ಯಾಸ್ಕಲ್ 7ರಲ್ಲಿ (ಡಾಸ್ ಕಾಲದ ಪ್ರೋಗ್ರಾಮಿಂಗ್ ಸಾಧನ) ಬರೆದ ಪ್ರೋಗ್ರಾಂ ಒಂದಿದೆ. ಸೋರ್ಸ್ ಕೋಡ್ ಇಲ್ಲ, ಬರೀ ಇಎಕ್ಸ್‌ಇ ಫೈಲ್. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಮುಟ್ಟುವುದೇ ಇಲ್ಲ ಅಲ್ವಾ, ಹಾಗಾಗಿ ಹಳೇ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿಕೊಂಡೆ. ಅದರಲ್ಲಿ ಸೈಕಲ್ಸ್ (ವೇಗದ ಸೆಟ್ಟಿಂಗ್) ಮ್ಯಾಕ್ಸ್ ಇಟ್ಟರೆ ಶುರುವಿನಲ್ಲೇ ಎರರ್ 200, ಅಂದರೆ ಸೊನ್ನೆಯಿಂದ ಭಾಗಾಕಾರವಂತೆ. ಸುಮ್ನೆ ದಾರಿ ತಪ್ಪಿಸುವ ಮಾತು! ಟರ್ಬೋ ಪ್ಯಾಸ್ಕಲ್‌ನ ಸಿಆರ್‌ಟಿ ಯೂನಿಟ್ (ಪರದೆ, ಕೀಬೋರ್ಡ್ ನೋಡಿಕೊಳ್ಳುವ ಸಿದ್ಧ ಕೋಡ್) ಡಿಲೇಗಾಗಿ, ಅಂದರೆ ಪ್ರೋಗ್ರಾಂ ಸ್ವಲ್ಪ ಹೊತ್ತು ಕಾಯುವಂತೆ ಮಾಡಲು, ಸಿಪಿಯು ವೇಗ ಅಳೆಯುತ್ತದೆ, ವೇಗ ಜಾಸ್ತಿಯಾದರೆ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ, ಅಷ್ಟೇ. ಸೈಕಲ್ಸ್ 3000ಕ್ಕೆ ಇಳಿಸಿದರೆ ಓಡುತ್ತದೆ, ಆದರೆ ಗ್ರಾಫ್ ಒಂದೊಂದೇ ಗೆರೆಯಾಗಿ ತೆವಳುತ್ತದೆ. ಆಮೇಲೆ ಕಂಟ್ರೋಲ್ ಎಫ್12 ಒತ್ತಿ ವೇಗ ಏರಿಸಿದರೆ ಡಿಲೇ ಹಳೇ ಲೆಕ್ಕದಲ್ಲೇ ಉಳಿದು, ಮೆಸೇಜ್‌ಗಳು ಓದುವ ಮೊದಲೇ ಮಾಯ. ಸೋರ್ಸ್ ಇದ್ದಿದ್ದರೆ ತಿದ್ದಿದ ಸಿಆರ್‌ಟಿ ಹಾಕಿ ಮತ್ತೆ ಕಂಪೈಲ್ ಮಾಡಬಹುದಿತ್ತು. ಇಎಕ್ಸ್‌ಇ ಫೈಲನ್ನೇ ಪ್ಯಾಚ್ ಮಾಡಿದರೆ (ನೇರವಾಗಿ ತಿದ್ದಿದರೆ) ಡಿಲೇ ಕೂಡ ಸರಿಯಾಗುತ್ತದಾ, ಇಲ್ಲ ಎರರ್ ಮಾತ್ರ ಹೋಗುತ್ತದಾ? ಮಾಡಿ ನೋಡಿದವರು ಹೇಳ್ತೀರಾ?