ಪದ್ಮಿನಿಯ ಟೇಲ್ ಲ್ಯಾಂಪಿಗೆ ಸಿಲಿಕಾನ್ ಬಳಿಯೋ ಮೊದಲು

ಭಾವ, ಫೋಟೋ ನೋಡ್ದೆ. ನಿನ್ನ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಟೇಲ್ ಲ್ಯಾಂಪಿನ ಒಳಗೆ ನೀರು ನಿಲ್ತದೆ, ಸುತ್ತ ಸಿಲಿಕಾನ್ ತುಂಬಿಬಿಡ್ಲಾ ಅಂತ ಕೇಳಿದೆಯಲ್ಲ, ಬೇಡ ಮಾರಾಯ. ಪೇಂಟ್ ಆದ್ಮೇಲೆ ಇಂಡಿಕೇಟರ್ ಹಾಕಿದ್ರೆ ಪಾರ್ಕಿಂಗ್ ಲೈಟೂ ಜೊತೆಗೆ ಮಿಣುಕ್ತದೆ ಅಂದೆಯಲ್ಲ, ಅದಕ್ಕೂ ಇಲ್ಲೇ ಹೇಳ್ತೇನೆ.

ಮೊದಲು ಮಿಣುಕೋದು. ಹಳೇ ಗಾಡೀಲಿ ಲ್ಯಾಂಪಿಗೆ ಅರ್ತ್, ಅಂದ್ರೆ ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸು ಹೋಗೋ ದಾರಿ, ಸಿಗೋದು ಹೆಚ್ಚಾಗಿ ಬಾಡಿಯಿಂದ, ಸ್ಕ್ರೂ ಮೂಲಕ. ಹೊಸ ಪೇಂಟು, ಹೊಸ ರಬ್ಬರ್ ಪ್ಯಾಕಿಂಗು ನಡುವೆ ಕೂತ್ರೆ ಆ ದಾರಿ ಕಟ್ಟಾಗ್ತದೆ. ಆಗ ಇಂಡಿಕೇಟರ್ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟ್ ಹಾದು ವಾಪಸು ಹೋಗ್ತದೆ. ಬಲ್ಬ್ ಬದಲಾಯಿಸಿ ದುಡ್ಡು ಕಳೀಬೇಡ. ಬಲ್ಬ್ ಹೋಲ್ಡರಿನಿಂದ ಬೇರೇನೇ ಒಂದು 1 ಸ್ಕ್ವೇರ್ ಎಂಎಂ ವಾಯರ್ ಎಳ್ದು, ರಿಂಗ್ ಟರ್ಮಿನಲ್ ಹಾಕಿ, ಡಿಕ್ಕಿ ಒಳಗೆ ತಗಡು ಹೊಳೆಯೋ ತನಕ ಎಮರಿ ಪೇಪರಲ್ಲಿ ಉಜ್ಜಿ, ಹಲ್ಲಿರೋ ಸ್ಟಾರ್ ವಾಶರ್ ಇಟ್ಟು ಬೋಲ್ಟ್ ಮಾಡು. ಬಿಗಿ ಮಾಡಿದ ಮೇಲೆ ಅಲ್ಲಿಗೆ ಪೇಂಟ್ ಮುಟ್ಟಿಸು, ಮೊದಲಲ್ಲ. ಲೈಟ್ ಹಾಕಿಟ್ಟು ಹೋಲ್ಡರಿಗೂ ಬ್ಯಾಟರಿ ಮೈನಸ್ಸಿಗೂ ಮೀಟರ್ ಹಿಡಿ. 0.2 ವೋಲ್ಟಿಗಿಂತ ಹೆಚ್ಚು ತೋರ್ಸಿದ್ರೆ ಅರ್ತ್ ಇನ್ನೂ ಸಡಿಲ.

ಈಗ ನೀರು. ಬಲ್ಬ್ ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗ್ತದೆ. ಮಳೆ ಬಿದ್ದು ತಣ್ಣಗಾದ್ರೆ ಸಂದಿ ಸಿಕ್ಕಲ್ಲೆಲ್ಲ ನೀರು ಒಳಗೆ ಎಳ್ಕೊಳ್ತದೆ. ಹಾಗಾಗಿ ಎಷ್ಟು ಬಳಿದ್ರೂ ಎಲ್ಲೋ ಒಂದು ಕಡೆ ಬರ್ತದೆ, ಬಂದದ್ದು ಹೊರಗೆ ಹೋಗೋಕೆ ದಾರಿ ಇರೂದಿಲ್ಲ. ಮೇಲೂ ಎರಡು ಬದಿಯೂ ಸೀಲ್ ಮಾಡು, ಕೆಳಗಿನ ತೂತು ಬಿಡು. ಪೇಂಟಿನವರು ಅದನ್ನ ಪುಟ್ಟಿಯಲ್ಲಿ ಮುಚ್ಚಿರೋ ಸಾಧ್ಯತೆ ಹೆಚ್ಚು, ಸಣ್ಣ ತಂತಿ ಹಾಕಿ ನೋಡು.

ವಿನೆಗರ್ ವಾಸನೆ ಬರೋ ಸಿಲಿಕಾನ್ ಆದ್ರೆ ಹತ್ರಾನೂ ತರಬೇಡ. ಒಣಗುವಾಗ ಅದರಿಂದ ಆಮ್ಲ ಹೊರಡ್ತದೆ, ತಗಡೂ ತಾಮ್ರವೂ ಹಾಳು. ನಮ್ಮ ಕಾರವಾರದ ಉಪ್ಪುಗಾಳಿ ಸಾಲದು ಅಂತ ಇದೂ ಬೇಕಾ! ಬೇಕೇ ಬೇಕಾದ್ರೆ ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಇರೋದನ್ನ ತಗೋ. ನನ್ನ ಕೇಳಿದ್ರೆ ಬ್ಯುಟೈಲ್ ಟೇಪೇ (ಅಂಟಂಟು ರಬ್ಬರ್ ಪಟ್ಟಿ) ವಾಸಿ, ಗಟ್ಟಿಯಾಗೂದಿಲ್ಲ, ಮತ್ತೆ ಬಿಚ್ಚುವಾಗ ಪೇಂಟ್ ಕಿತ್ತು ಬರೂದಿಲ್ಲ.

ಪ್ಯಾಕಿಂಗ್ ಸಿಗದಿದ್ರೆ 3 ಎಂಎಂ ಇಪಿಡಿಎಂ ಅನ್ನೋ ರಬ್ಬರಿನ ಶೀಟಲ್ಲಿ ಹಳೇದರ ಅಚ್ಚು ಇಟ್ಟು ಕತ್ತರಿಸು. ಸ್ಪಂಜ್ ಬೇಡ, ಉಪ್ಪುನೀರು ಹಿಡಿದಿಟ್ಕೊಂಡು ತಗಡು ತಿನ್ನಿಸ್ತದೆ. ಇಪಿಡಿಎಂ ರಬ್ಬರಿಗೆ ವ್ಯಾಸಲೀನ್, ಮಾಮೂಲಿ ಗ್ರೀಸ್ ಹಚ್ಚಬೇಡ, ಉಬ್ಬಿ ಜಾರ್ತದೆ. ಸಿಲಿಕಾನ್ ಗ್ರೀಸ್ ಸಾಕು. ವ್ಯಾಸಲೀನ್ ಬಲ್ಬಿನ ಲೋಹದ ಕ್ಯಾಪಿಗೆ ಮಾತ್ರ, ತೆಳ್ಳಗೆ.

ಲ್ಯಾಂಪ್ ಕೂರಿಸೋ ಮೊದಲು ಬಾಡಿ ತಗಡಿನ ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಕೊಟ್ಟು ಪೂರ್ತಿ ಒಣಗಿಸು. ವಾಯರ್ ಹಾಯೋ ಕಡೆ ಗ್ರೊಮೆಟ್ (ತೂತಿನ ಅಂಚಿಗೆ ಕೂರೋ ರಬ್ಬರ್ ಬಳೆ) ಇರ್ಲೇಬೇಕು. ವಾಯರನ್ನ ಲ್ಯಾಂಪಿಗಿಂತ ಸ್ವಲ್ಪ ಕೆಳಗೆ ಜೋಲುಬಿಟ್ಟು ಮೇಲೆ ತಗೊಂಡ್ರೆ ಹನಿ ಅಲ್ಲೇ ಉದುರ್ತದೆ.

ಲ್ಯಾಂಪಿನ ಬುಡ ಎರಕದ ಜಿಂಕಿನದಾದ್ರೆ ಸ್ಟೀಲ್ ಸ್ಕ್ರೂ ಜೊತೆ ನೈಲಾನ್ ವಾಶರ್ ಹಾಕು, ಇಲ್ದಿದ್ರೆ ಉಪ್ಪಿನ ಹವೆಗೆ ಜಿಂಕ್ ಬಿಳಿಪುಡಿಯಾಗಿ ಉದುರ್ತದೆ. ಲೆನ್ಸಿನ ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪ ತಿರುಗಿಸು. ರಬ್ಬರ್ ಒತ್ತಿಕೊಂಡದ್ದು ಕಂಡ ಕೂಡಲೇ ನಿಲ್ಸು. ಇನ್ನರ್ಧ ಸುತ್ತು ಹಾಕಿದ್ರೆ ಸ್ಕ್ರೂ ತೂತಿನ ಸುತ್ತ ಬಿರುಕು ಬಿಡ್ತದೆ, ನೀರು ಅಲ್ಲಿಂದಲೇ ಬರ್ತದೆ.

ಬ್ರೇಕಿಗೆ 21, ಪಾರ್ಕಿಂಗಿಗೆ 5 ಅಂತ ಎರಡು ಫಿಲಮೆಂಟ್ ಇರೋ 21/5 ವಾಟಿನ ಬಲ್ಬಿಗೆ ಬದಿಯ ಪಿನ್ನು ಎರಡೂ ಒಂದೇ ಎತ್ತರಕ್ಕೆ ಇರೂದಿಲ್ಲ, ಒತ್ತಾಯ ಮಾಡಿ ತಿರುಗಿಸಬೇಡ. ಉಲ್ಟಾ ಕೂತ್ರೆ ಬ್ರೇಕ್ ಮಂದ, ಪಾರ್ಕಿಂಗ್ ಜೋರು.

ಡಿಕ್ಕಿಯ ಮ್ಯಾಟ್ ಹಾಸೋ ಮೊದಲು ಒಳಗೆ ಪೇಪರ್ ಹರಡಿ, ಮೇಲಿಂದ ಹತ್ತು ನಿಮಿಷ ಪೈಪಲ್ಲಿ ನೀರು ಬಿಡು. ಸರ್ವೀಸ್ ಸ್ಟೇಶನ್ನಿನ ಪ್ರೆಶರ್ ಗನ್ ಬೇಡ. ಪೇಪರಿನ ಒದ್ದೆ ಎಲ್ಲಿ ಅಂತ ಫೋಟೋ ಹಾಕು, ಯಾವ ಸಂದಿ ಅಂತ ಹೇಳ್ತೇನೆ.