ಡಿಎಂ ನ್ಯೂರಾಲಜಿ (ನರರೋಗದ ಉನ್ನತ ಪದವಿ) ಆದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಸಂಶೋಧನೆಗೆ ಇಳಿದವರು ಯಾರಾದರೂ ಇದ್ದೀರಾ?

ಬಾಂಡ್ ತೀರಿಸುತ್ತಿರುವವ: ಡಿಎಂ ನಂತರದ ಕಡ್ಡಾಯ ಸೇವೆಯ ಬಾಂಡ್ ಮುಗಿಯುತ್ತಾ ಬಂತು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದು ಒಳ್ಳೆ ಸಂಬಳಕ್ಕೆ ಕರೆದಿದೆ. ನನಗೆ ಮನಸ್ಸಿರುವುದು ಎಂಎಸ್‌ನಂಥ, ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ನರಗಳ ಮೇಲೆ ತಿರುಗಿ ಬೀಳುವ ಆಟೋಇಮ್ಯೂನ್ ಕಾಯಿಲೆಗಳ ಸಂಶೋಧನೆಯಲ್ಲಿ. ಮನೆ ಸಾಲ ಇದೆ, ಚಿಕ್ಕ ಮಗು ಇದೆ. ವಿದೇಶವೋ, ಇಲ್ಲಿಯೋ? ಅನುಭವ ಹೇಳಿ.

ಕರಾವಳಿ ನರವೈದ್ಯ: ಹೊರಗೆ ಹೋದರೆ ಮಾತ್ರ ಸಂಶೋಧನೆ ಅಂತ ಯಾರು ಹೇಳಿದ್ದು ಮಾರಾಯ್ರೆ? ಎಂಎಸ್ ಬಿಳಿಯರ ಕಾಯಿಲೆ ಅಂತಲೇ ನಮಗೆ ಪಾಠ ಆದದ್ದು. ನರವೈದ್ಯೆ ಡಾ. ಲೇಖಾ ಪಂಡಿತ್ ಮಂಗಳೂರಲ್ಲೇ ಕೂತು ರೋಗಿಗಳ ರಿಜಿಸ್ಟ್ರಿ ಕಟ್ಟಿದರು, ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಉಂಟು ಅಂತ 2014ರಲ್ಲಿ ಲೆಕ್ಕ ಕೊಟ್ಟರು. ಅದನ್ನು ಓದಿಯೇ ನಾನು ಎಕ್ಯೂಪಿ4, ಎಂಒಜಿ ಆಂಟಿಬಾಡಿ ಪರೀಕ್ಷೆಗೆ ಕೈ ಹಾಕಿದ್ದು; ಎಂಎಸ್ ಥರವೇ ಕಾಣುವ ಬೇರೆ ಕಾಯಿಲೆಗಳನ್ನು ಗುರುತಿಸುವ ರಕ್ತ ಪರೀಕ್ಷೆ ಅದು. ರೋಗಿಗಳ ಸೀರಮ್ ಇಡುವ ಮೈನಸ್ 80 ಡಿಗ್ರಿ ಫ್ರೀಜರ್‌ಗೆ 9 ಲಕ್ಷ, ಸ್ಟೆಬಿಲೈಜರ್ ಬೇರೆ, ಜನರೇಟರ್ ಲೈನ್ ಎಳೆಸಲಿಕ್ಕೆ ಆಡಳಿತದವರ ಕಾಲು ಹಿಡಿದದ್ದು ಬೇರೆ. ಜುಲೈ ಮಳೆಯಲ್ಲಿ ಒಂದು ಭಾನುವಾರ ರಾತ್ರಿ ಕಂಪ್ರೆಸರ್ ಸತ್ತಿತು. ಅಲಾರ್ಮ್ ಹೊಡೆದುಕೊಂಡಿತು, ಸೆಕ್ಯುರಿಟಿಯವ ಕಿರಿಕಿರಿ ಅಂತ ಪ್ಲಗ್ಗೇ ಕಿತ್ತ! ವರ್ಷಗಟ್ಟಲೆ ಕೂಡಿಟ್ಟ ಸೀರಮ್ ಎಲ್ಲ ನೀರು. ಸ್ಟೀರಾಯ್ಡ್ ಕೊಡುವ ಮೊದಲು, ಅಟ್ಯಾಕ್ ಆದ ದಿನವೇ ತೆಗೆದ ರಕ್ತ ಅದು. ದುಡ್ಡು ಕೊಟ್ಟರೆ ಪುನಃ ಸಿಗ್ತದಾ? ಆದರೂ ಬಿಡಲಿಲ್ಲ. ಲ್ಯಾಬ್ ಈಗಲೂ ಉಂಟು.

ಧಾರವಾಡದಾಂವ, ಅಮೆರಿಕಾದಾಗ: ನಿಮ್ಮ ಫ್ರೀಜರ್ ಕತಿ ಆತಲ್ರಿ, ಈಗ ನಮ್ಮದು ಕೇಳ್ರಿ. ಡಿಎಂ ಇಲ್ಲಿ ಲೆಕ್ಕಕ್ಕಿಲ್ಲ. ಇಲ್ಲಿನ ಡಾಕ್ಟರ್ ಪರೀಕ್ಷೆ ಯುಎಸ್‌ಎಂಎಲ್‌ಇ ಬರದು ಮತ್ತ ಮೊದಲಿಂದ ರೆಸಿಡೆನ್ಸಿ ತರಬೇತಿ. ಫೀ, ಅಬ್ಸರ್ವರ್‌ಶಿಪ್, ಇಂಟರ್‌ವ್ಯೂಕ್ಕ ಊರೂರು ವಿಮಾನ, ಎಲ್ಲಾ ಸೇರಿ ಅಪ್ಪನ ಹೊಲದ ಮ್ಯಾಲೆ ಸಾಲ. ತರಬೇತಿಯ ಜೆ-1 ವೀಸಾ ಮುಗೀತಂದ್ರ ಎರಡು ವರ್ಷ ದೇಶಕ್ಕ ವಾಪಸ್ ಹೋಗು, ಇಲ್ಲಾ ವೇವರ್ (ಅದರಿಂದ ವಿನಾಯಿತಿ) ತಗೊಂಡು ಡಾಕ್ಟ್ರೇ ಇಲ್ಲದ ಊರಾಗ ಮೂರು ವರ್ಷ ದುಡಿ. ದುಡಿದೆ. ಬರೇ ತಲಿಬ್ಯಾನಿ, ಫಿಟ್ಸ್. ಒಂದು ಪೇಪರ್ ಹೊರಬೀಳಲಿಲ್ಲ. ಆಮ್ಯಾಲೆ ಇಲಿಗೆ ಎಂಎಸ್ ಥರದ ರೋಗ ಬರಿಸಿ ನೋಡೂ ಲ್ಯಾಬ್. ನರದ ಹೊದಿಕೆಯ ಪ್ರೋಟೀನ್ ತುಂಡು ಎಂಒಜಿ ಪೆಪ್ಟೈಡ್ ಚುಚ್ಚಿ, ನಾಯಿಕೆಮ್ಮಿನ ಪರ್ಟುಸಿಸ್ ಟಾಕ್ಸಿನ್ ಕೊಟ್ಟು, ಬಾಲ ಯಾವಾಗ ಸೋಲತೈತಿ ಅಂತ ಕಾಯ್ಕೋಂತ ಕುಂದ್ರೂದು. ಟಾಕ್ಸಿನ್ ಲಾಟ್ ಬದಲಾತಂದ್ರ ಅರ್ಧ ಇಲಿಗೆ ರೋಗಾನ ಬರಂಗಿಲ್ಲ, ಅಷ್ಟೂ ಡಾಲರ್ ಮಣ್ಣಪಾಲು. ಈಗ ಸ್ವಂತ ಗ್ರಾಂಟ್ ಐತಿ.

ಸಿಲ್ಕ್‌ಬೋರ್ಡ್ ಟ್ರಾಫಿಕ್ಕು: ಇಲಿಗೆ ಗುಣ ಮಾಡಿ ಯಾರಿಗೆ ಏನು ಬಂತು? ಉರಿಯೂತ ಹುಟ್ಟಿಸುವ ಟಿಎನ್‌ಎಫ್ ಪ್ರೋಟೀನ್ ತಡೆದರೆ ಇಲಿಗಳು ಎದ್ದು ಓಡಾಡಿದವು. ಅದೇ ಉದ್ದೇಶದ ಲೆನರ್ಸೆಪ್ಟ್ ಔಷಧಿ ಎಂಎಸ್ ಇರುವ ಮನುಷ್ಯರಿಗೆ ಕೊಟ್ಟಾಗ ಅಟ್ಯಾಕ್ ಜಾಸ್ತಿಯೇ ಆಯ್ತು, 1999ರ ಪೇಪರ್ ತೆಗೆದು ನೋಡಿ. ಸ್ವೀಡನ್ನಿನವರು 2022ರಲ್ಲಿ ಎಂಎಸ್ ರೋಗಿಗಳಲ್ಲಿ ರಿಟುಕ್ಸಿಮ್ಯಾಬ್ ಔಷಧಿಯನ್ನು ಡೈಮಿಥೈಲ್ ಫ್ಯೂಮರೇಟ್ ಔಷಧಿಯ ಎದುರು ನಿಲ್ಲಿಸಿದರು. ಎರಡು ವರ್ಷದಲ್ಲಿ ರಿಲ್ಯಾಪ್ಸ್ (ಮತ್ತೆ ಅಟ್ಯಾಕ್) ಆದವರು ರಿಟುಕ್ಸಿಮ್ಯಾಬ್ ಕಡೆ ಶೇ. 3, ಇನ್ನೊಂದು ಕಡೆ ಶೇ. 16. ಸಂಶೋಧನೆ ಅಂದರೆ ಅದು. ನಮ್ಮಲ್ಲಿ 2007ರಿಂದ ರಿಟುಕ್ಸಿಮ್ಯಾಬಿನ ದೇಶೀ ರೂಪ ರೆಡಿಟಕ್ಸ್ ಇದೆ, ಇಲ್ಲೇ ಮಾಡಬಹುದಿತ್ತು. ನಾನು ಹೊರಟೆ ಕೂಡ. ಎಥಿಕ್ಸ್ ಕಮಿಟಿ ಫೀ, ಟ್ರಯಲ್ ಇನ್ಶೂರೆನ್ಸ್, ಪ್ರತಿ ಎಂಆರ್‌ಐಗೆ ದುಡ್ಡು. ಹಳೇ ಔಷಧಿಗೆ ಯಾವ ಕಂಪನಿ ಕೊಡುತ್ತೆ? ಫೈಲು ಕಮಿಟಿಯ ಕಪಾಟಿನಲ್ಲೇ ಕೂತಿದೆ.

ಧಾರವಾಡದಾಂವ, ಅಮೆರಿಕಾದಾಗ: ಎಂಎಸ್ ಔಷಧ ನಟಾಲಿಜುಮ್ಯಾಬ್ ಎಲ್ಲಿಂದ ಬಂತ್ರಿ ಸಾಹೇಬ್ರ? 1992ರ ಇಲಿ ಪ್ರಯೋಗದಿಂದ! ನೀವು ಬರಕೊಡೂ ಔಷಧಕ್ಕ ನಮ್ಮ ಇಲಿ ಸತ್ತಾವ.

ಸಿಲ್ಕ್‌ಬೋರ್ಡ್ ಟ್ರಾಫಿಕ್ಕು: ಹೌದು, 2004ರ ಕೊನೆಗೆ ಬಂತು, 2005ರಲ್ಲಿ ಪಿಎಂಎಲ್ ಎಂಬ ಮಿದುಳಿನ ಮಾರಕ ಸೋಂಕು ಬರುತ್ತೆ ಅಂತ ಮಾರುಕಟ್ಟೆಯಿಂದ ತೆಗೆದರು, 2006ರಲ್ಲಿ ಷರತ್ತು ಹಾಕಿ ವಾಪಸ್ ಬಿಟ್ಟರು. ಪಿಎಂಎಲ್ ಬರುತ್ತೆ ಅಂತ ನಿಮ್ಮ ಇಲಿ ಹೇಳಿತ್ತಾ?

ರೋಗಿ, ಶಿವಮೊಗ್ಗ: ಇಲಿ ಜಗಳ ಆಮೇಲೆ ಆಡಿ. ನನಗೆ ಎಂಎಸ್ ಅಂತ ಇಂಟರ್‌ಫೆರಾನ್ ಕೊಟ್ಟರು. ಒಂದು ದಿನ ಬಿಟ್ಟು ಒಂದು ದಿನ ಚುಚ್ಚಿಕೊಂಡೆ, ತವರಿನ ಚಿನ್ನ ಕರಗಿತು, ಎಡಗಣ್ಣೂ ಹೋಯಿತು. ಆಮೇಲೆ ಗೊತ್ತಾಯಿತು ಅದು ಎಂಎಸ್ ಥರವೇ ಕಾಣುವ ಎನ್‌ಎಂಒ ಅನ್ನುವ ಬೇರೆ ಕಾಯಿಲೆ, ಆ ಇಂಜೆಕ್ಷನ್ ಕೊಡಲೇಬಾರದಿತ್ತು ಅಂತ. ಅದನ್ನು ಗುರುತಿಸುವ ಆಂಟಿಬಾಡಿ ಸಿಕ್ಕಿದ್ದು 2004ರಲ್ಲಂತೆ. ನನ್ನ ರಕ್ತ ಪರೀಕ್ಷೆಗೆ ಹೋಗಿದ್ದು 2013ರಲ್ಲಿ.

ಕರಾವಳಿ ನರವೈದ್ಯ: ನೋಡಿ, ಇದಕ್ಕೇ ನಾನು ಇಲ್ಲೇ ಲ್ಯಾಬ್ ಮಾಡಿದ್ದು. ಈಗಲೂ ಕೆಲವರು ಆ ಆಂಟಿಬಾಡಿಗೆ ಬರೇ ಎಲೈಸಾ ಪರೀಕ್ಷೆ ಮಾಡಿ ಪಾಸಿಟಿವ್ ಅಂತ ಬರೆದುಕೊಡ್ತಾರೆ. ಜೀವಕೋಶಗಳ ಮೇಲೆ ಮಾಡುವ ಪರೀಕ್ಷೆ, ಸೆಲ್ ಬೇಸ್ಡ್ ಅಸ್ಸೇ, ಮಾಡದೆ ನಂಬಬೇಡಿ.

ಸಿಲ್ಕ್‌ಬೋರ್ಡ್ ಟ್ರಾಫಿಕ್ಕು: ಫ್ರೀಜರ್ ಕಾಯಲಾಗದವರು ನಮಗೆ ಅಸ್ಸೇ ಹೇಳಿಕೊಡುತ್ತಿದ್ದಾರೆ.

ಕರಾವಳಿ ನರವೈದ್ಯ: ಕಪಾಟಲ್ಲಿ ಫೈಲು ಕಾಯುವವರಿಗಿಂತ ಅಡ್ಡಿಯಿಲ್ಲ.

ಬಾಂಡ್ ತೀರಿಸುತ್ತಿರುವವ: ಸರ್, ವೇವರ್ ಕೆಲಸದ ಜೊತೆ ಸಂಶೋಧನೆಗೆ ಅಂತ ಒಂದೆರಡು ದಿನ ಒಪ್ಪಂದದಲ್ಲಿ ಬರೆಸಿಕೊಳ್ಳಲು ಆಗುತ್ತಾ?

ಧಾರವಾಡದಾಂವ, ಅಮೆರಿಕಾದಾಗ: ವಾರಕ್ಕ 40 ತಾಸು ರೋಗಿ ನೋಡಬೇಕಂತ ಅದರಾಗ ಬರದಿರತೈತಿ. ಏನ್ ಮಾಡೂದಿದ್ರೂ ರಾತ್ರಿ ಮಾಡ್ರಿ. ಮತ್ತ ಆ ಸಿಲ್ಕ್‌ಬೋರ್ಡ್‌ನವ್ರಿಗೆ ಹೇಳ್ರಿ, ಎಂಎಸ್‌ದ ಇನ್ನೊಂದು ಔಷಧ ಗ್ಲಾಟಿರಾಮರ್ ಸುದ್ದಾ ಪ್ರಾಣಿ ಪ್ರಯೋಗದಿಂದನ ಬಂದದ್ದು.